ಉಳಿದದ್ದು ನಾಳೆ

ಕಳೆದ ಭಾನುವಾರ ಕೆಟಲ್ ತೊಳೆಯಲು ನಿಂತೆ. ಪುಣೆಯ ಕೊಂಢವಾ ಬಡಾವಣೆಯ ಟ್ಯಾಂಕರ್ ನೀರಿಗೆ ಎರಡೇ ತಿಂಗಳಲ್ಲಿ ಅದರ ತಳಕ್ಕೆ ಬಿಳಿ ಗಾರೆ ಕಟ್ಟಿಬಿಡುತ್ತದೆ. ವಿನೆಗರ್ ಸುರಿದು ಕಾಯಿಸಿದ್ದೇ ತಡ, ಹುಳಿ ಘಾಟು ಮೂಗಿಗೆ ಬಡಿದು ಕೆಳಗಿನ ಮನೆಯ ಕಾಕಾ ನೆನಪಾದರು. ಅವರ ಬಚ್ಚಲುಮನೆ ಹೀಗೇ ನಾರುತ್ತಿತ್ತು... ಮೂರು ದಿನದಿಂದ ಒಂದು ಪತ್ರಕ್ಕೆ ಉತ್ತರ ಬರೆಯದೆ ತಳ್ಳುತ್ತಾ ಬಂದಿದ್ದೆ. ಆ ವಾಸನೆ ಬಂದ ಮೇಲೆ ತಳ್ಳುವುದಾಗಲಿಲ್ಲ.

ಕಾಕಾ ಗದಗ ಕಡೆಯವರು. ಪುಣೆಯಲ್ಲಿ ಮೂವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿ, ಕೊನೆಗೆ ಅಂಗಡಿ ಬಿಟ್ಟುಕೊಟ್ಟು, ಮಗ-ಸೊಸೆಯ ಜೊತೆ ನಮ್ಮ ಕಟ್ಟಡಕ್ಕೆ ಬಂದಿದ್ದರು. ಹುಕಿ ಬಂದಾಗ ಬಚ್ಚಲಲ್ಲೇ ವಿನೆಗರ್‌ನಂಥ ಹುಳಿ ದ್ರಾವಣ ಕಲಸಿ ಕಪ್ಪು-ಬಿಳುಪು ಫೋಟೋ ತೊಳೆಯುತ್ತಿದ್ದರು; ಸೊಸೆ ಗೊಣಗುತ್ತಿದ್ದಳು. ಬರುವಾಗ ಒಂದು ಟ್ರಂಕ್ ತಂದಿದ್ದರು. ಅದರ ತುಂಬಾ ಗಿರಾಕಿಗಳು ಒಯ್ಯದೇ ಬಿಟ್ಟ ಫೋಟೋಗಳ ಲಕೋಟೆಗಳು. ತರಕಾರಿಗೆ ಹೋದಾಗ ಹಳೇ ಮುಖ ಕಂಡರೆ ಸಾಕು, ರಸ್ತೆಯಲ್ಲೇ ನಿಲ್ಲಿಸಿ ಮರಾಠಿಯಲ್ಲಿ ಹೇಳುತ್ತಿದ್ದರು, ನಿಮ್ಮ ಮಗನ ಮುಂಜಿ ಫೋಟೋ ರೆಡಿ ಇವೆ ಎಂದು. ಆ ಮಗನಿಗೆ ಅಷ್ಟರಲ್ಲಿ ಮದುವೆಯಾಗಿ ಮಕ್ಕಳಾಗಿರುತ್ತಿದ್ದವು!

"ಎಸೆದುಬಿಡಬಾರದಾ ಕಾಕಾ?" ಎಂದು ಒಮ್ಮೆ ಕೇಳಿದ್ದೆ.

"ಅವರು ಮರತಾರ. ನಾ ಎಲ್ಲೆ ಮರತೀನವಾ?" ಎಂದಿದ್ದರು.

ನಾನು ತುಮಕೂರಿನವಳು, ಪುಣೆಯ ಇನ್ನೊಂದು ತುದಿಯ ಖರಾಡಿಯಲ್ಲಿ ಕೆಲಸ. ಆಗ ನನಗೆ ರೀಲಿನ ಕ್ಯಾಮೆರಾದ ಹುಚ್ಚು. ಅದೇ ಹುಚ್ಚಿನವರ ಒಂದು ಆನ್‌ಲೈನ್ ಫೋರಮ್ಮಿಗೆ ಮಾಡರೇಟರ್ ಆಗಿದ್ದೆ, ಅಂದರೆ ಸಂಬಳವಿಲ್ಲದ ಕಾವಲು. ಅಲ್ಲಿ ಒಂದು ಶಿಸ್ತು ಇತ್ತು: ವರ್ಷಕ್ಕಿಂತ ಹಳೆಯ ಚರ್ಚೆಗೆ, ಅಂದರೆ ಥ್ರೆಡ್ಡಿಗೆ, ಹೊಸದಾಗಿ ಏನೂ ಬರೆಯಬಾರದು. ಬರೆದರೆ ಅದು ಮೊದಲ ಪುಟಕ್ಕೆ ಬಂದು ಕೂರುತ್ತದೆ, ಇವತ್ತು ಕೇಳಿದವರ ಪ್ರಶ್ನೆ ಕೆಳಗೆ ಹೋಗುತ್ತದೆ. ನಿಯಮ ತಪ್ಪೇನಲ್ಲ, ಈಗಲೂ ಹಾಗೇ ಅನ್ನುತ್ತೇನೆ. ಮಾರಾಟವಾಗಿ ಆರು ವರ್ಷವಾದ ಲೆನ್ಸಿಗೆ 'ಇನ್ನೂ ಇದೆಯಾ?' ಎಂದು ಕೇಳುವವರನ್ನು ದಿನವೂ ಸಂಭಾಳಿಸಿ ನೋಡಿ, ತಲೆ ಚಿಟ್ಟು ಹಿಡಿಯುತ್ತದೆ.

ಕಾಕಾನನ್ನು ಅಲ್ಲಿಗೆ ಸೇರಿಸಿದವಳೂ ನಾನೇ. ಎಲ್ಲರೂ ಮೊದಲ ಪುಟದಿಂದ ಓದಿದರೆ ಇವರು ಕಟ್ಟಕಡೆಯ ಪುಟದಿಂದ ಶುರು ಮಾಡಿದರು. ಯಾರೂ ಉತ್ತರ ಕೊಡದ ಪ್ರಶ್ನೆಗಳನ್ನು ಹುಡುಕಿ, ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಉತ್ತರ ಬರೆದರು. ಒಂಬತ್ತು ವರ್ಷದ ಹಿಂದಿನ ಪ್ರಶ್ನೆಗೆ! ಕೇಳಿದವನು ಕ್ಯಾಮೆರಾ ಮಾರಿರುತ್ತಾನೆ, ಊರು ಬಿಟ್ಟಿರುತ್ತಾನೆ... ಸದಸ್ಯರು ಮೊದಲು ನಕ್ಕರು, ಆಮೇಲೆ ದೂರು ಕೊಟ್ಟರು. ಅದೆಲ್ಲ ಬಂದು ಬಿದ್ದದ್ದು ನನ್ನ ತಲೆಗೆ.

ಮೆಟ್ಟಿಲ ಮೇಲೆ ಸಿಕ್ಕಾಗ ಹೇಳಿದೆ, "ಕಾಕಾ, ಹಳೇ ಥ್ರೆಡ್ ಎಬ್ಬಿಸಬೇಡಿ ಪ್ಲೀಸ್. ಅಲ್ಲಿ ಯಾರೂ ಇರಲ್ಲ."

"ಕೇಳಿದವರು ಎಲ್ಲಿಗೆ ಹೋಗ್ತಾರವಾ? ಒಂದಿನ ಬಂದು ನೋಡ್ತಾರ. ನೋಡಿದಾಗ ಉತ್ತರ ಇರಬೇಕಲ್ಲ?"

"ಎಲ್ಲರಿಗೂ ಒಂದೇ ರೂಲ್ ಕಾಕಾ."

"ಆತು ಬಿಡವಾ," ಅಂದರು. ಆದರೆ ಬಿಡಲಿಲ್ಲ.

ಪುಣೆ ಹತ್ತಿರದ ಭೋರ್‌ ಊರಿನ ಹೆಂಗಸೊಬ್ಬರು ಐದು ವರ್ಷದ ಹಿಂದೆ ಕೇಳಿದ್ದ ಪ್ರಶ್ನೆ ಅವರ ಕಣ್ಣಿಗೆ ಬಿತ್ತು. ತೀರಿಹೋದ ಅಕ್ಕನ ಕ್ಯಾಮೆರಾ. ರೀಲು ಒಳಗೇ ಸಿಕ್ಕಿಕೊಂಡಿದೆ, ಮುಂದಕ್ಕೂ ಹೋಗುವುದಿಲ್ಲ, ಹಿಂದಕ್ಕೂ ಸುತ್ತುವುದಿಲ್ಲ. ಅದರಲ್ಲಿ ಅಕ್ಕನ ಕೊನೆಯ ದೀಪಾವಳಿ ಇದೆ, ಏನು ಮಾಡಲಿ? ಕಾಕಾ ಮರಾಠಿಯಲ್ಲಿ ಬರೆದಿದ್ದರು: ಹಿಂದಿನ ಮುಚ್ಚಳ ಬೆಳಕಿನಲ್ಲಿ ತೆಗೆಯಲೇಬೇಡಿ, ಎಲ್ಲ ಹೋಗುತ್ತದೆ. ಉಪಾಯ ಇದೆ. ಬೆರಳು ನೋಯುತ್ತಿದೆ, ಉಳಿದದ್ದು ನಾಳೆ ಬರೆಯುತ್ತೇನೆ.

ಮರುದಿನ ಬೆಳಿಗ್ಗೆ ಖರಾಡಿಯ ಬಸ್ಸಿನಲ್ಲಿ ಕೂತು ಮೂರು ದೂರು ಓದಿದೆ. ಆ ಚರ್ಚೆಗೆ ಬೀಗ ಹಾಕಿದೆ. ಇನ್ನು ಅಲ್ಲಿ ಯಾರೂ ಬರೆಯುವ ಹಾಗಿರಲಿಲ್ಲ. ಹೆಬ್ಬೆರಳಿನ ಒಂದು ಒತ್ತು, ಅಷ್ಟೇ.

ಸಂಜೆ ಕಾಕಾ ಬಾಗಿಲಿಗೆ ಬಂದರು. "ಕೀಲಿ ಹಾಕೀಯಲ್ಲವಾ? ಅರ್ಧಾ ಹೇಳಿ ಬಿಟ್ಟೀನಿ. ಭಾಳ ತಪ್ಪಾಗ್ತದ."

ನಾನು ಆಫೀಸಿನ ಆನ್‌ಲೈನ್ ಮೀಟಿಂಗ್‌ನಲ್ಲಿದ್ದೆ. ಒಂದು ಕಿವಿಯ ಇಯರ್‌ಫೋನ್ ತೆಗೆದು, "ಆಮೇಲೆ ತೆಗೀತೀನಿ ಕಾಕಾ," ಅಂದೆ. ಇನ್ನೂ ಎರಡು ಸಲ ಕೇಳಿದರು. ಆಮೇಲೆ ಕೇಳಲಿಲ್ಲ...

ಜಗಳವೇನೂ ಆಗಲಿಲ್ಲ. ಎದುರಾದರೆ ಊಟ ಆಯ್ತೇನವಾ ಎಂದು ಕೇಳುತ್ತಿದ್ದರು. ಫೋರಮ್ಮಿಗೆ ಬರುವುದನ್ನು ಮಾತ್ರ ಬಿಟ್ಟರು. ನನಗೂ ಸಾಕಾಗಿತ್ತು. ಹಳೆಯ ಚರ್ಚೆಗೆ ಯಾರೇ ಬರೆದರೂ ಎಚ್ಚರಿಕೆಯ ಸಾಲು ತಾನಾಗಿ ಬೀಳುವಂತೆ ಮಾಡಿ ಕೈತೊಳೆದುಕೊಂಡೆ. ಮುಂದಿನ ವರ್ಷ ಕಾಕಾ ಎದೆನೋವು ಬಂದು ಎರಡೇ ದಿನದಲ್ಲಿ ಹೋದರು. ಟ್ರಂಕನ್ನು ಸೊಸೆ ರದ್ದಿಯವನಿಗೆ ಕೊಟ್ಟಳು. ನಾನು ಮೆಟ್ಟಿಲ ಮೇಲೆ ನಿಂತು ನೋಡಿದೆ.

ಈಗ ಬಂದಿದ್ದ ಪತ್ರ ಭೋರ್‌ನ ಆ ಹೆಂಗಸಿನದು. ಚರ್ಚೆಗೆ ಬೀಗ ಬಿದ್ದಿದ್ದರಿಂದ, ಹೆಸರಿಗೆ ಇನ್ನೂ ಮಾಡರೇಟರ್ ಆಗಿದ್ದ ನನಗೆ ಬರೆದಿದ್ದರು. ಕಾಕಾ ಬರೆದದ್ದನ್ನು ಅವರು ಅದೇ ವಾರ ಓದಿದ್ದರಂತೆ. ನಾಳೆ ಎಂದಿದ್ದಾರಲ್ಲ ಎಂದು ದಿನಾ ತೆಗೆದು ನೋಡಿದರಂತೆ. ಎರಡು ವರ್ಷ ಕಾದು, ಇನ್ನು ಉತ್ತರ ಬರುವುದಿಲ್ಲ ಅನ್ನಿಸಿ, ಪೇಟೆಯ ಮೊಬೈಲ್ ರಿಪೇರಿಯವನ ಕೈಗೆ ಕ್ಯಾಮೆರಾ ಕೊಟ್ಟರಂತೆ. ಮುಚ್ಚಳ ತೆಗೆಯಬೇಡ ಅನ್ನುವಷ್ಟರಲ್ಲಿ ಅವನು ಟ್ಯೂಬ್‌ಲೈಟಿನ ಕೆಳಗೆ ತೆಗೆದೇಬಿಟ್ಟಿದ್ದ. ಅಕ್ಕನ ಒಂದು ಚಿತ್ರವೂ ಉಳಿಯಲಿಲ್ಲ. ಈಗ ಉಪಯೋಗವಿಲ್ಲ, ಗೊತ್ತು, ಆದರೂ ಆ ಕಾಕಾ ಹೇಳಬೇಕೆಂದಿದ್ದು ಏನು ಎಂದು ಕೇಳಿದ್ದರು.

ಏನೆಂದು ನನಗೆ ಗೊತ್ತಿತ್ತು. ನನ್ನದೇ ಕ್ಯಾಮೆರಾದಲ್ಲಿ ರೀಲು ಸಿಕ್ಕಿಕೊಂಡಾಗ ಕಾಕಾ ಮಾಡಿ ತೋರಿಸಿದ್ದರು. ಬಚ್ಚಲಿನ ಕಿಂಡಿ ಮುಚ್ಚಿ, ದೀಪ ಆರಿಸಿ, ಎರಡು ದಪ್ಪ ಕೌದಿ ಹೊದ್ದು, ಅದರೊಳಗೆ ಕುರುಡುಗೈಯಲ್ಲಿ ಮುಚ್ಚಳ ತೆಗೆದು, ರೀಲನ್ನು ಬೆರಳಿನಿಂದಲೇ ಅದರ ಡಬ್ಬಿಯೊಳಕ್ಕೆ ಸುತ್ತಿದ್ದರು. ಹೇಳಿದರೆ ನಾಲ್ಕು ಸಾಲು. ಬಸ್ಸಿನಲ್ಲಿ ಕೂತು ನಾನೇ ಬರೆದು, ಆಮೇಲೆ ಬೀಗ ಹಾಕಬಹುದಿತ್ತು. ಆದರೆ ನಾನು ಆ ಹೆಂಗಸಿನ ಪ್ರಶ್ನೆಯನ್ನೇ ಓದಿರಲಿಲ್ಲ. ತಾರೀಖು ಮಾತ್ರ ನೋಡಿದ್ದೆ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಾನು ಕೊಳ್ಳೆ ಹೋದ ಮೇಲೆ ಬಾಗಿಲು ತೆಗೆದೆ. ಕೆಟಲನ್ನು ಹಾಗೇ ಬಿಟ್ಟು, ಬೀಗ ತೆಗೆದು, ಕಾಕಾನ ಅರ್ಧ ಉತ್ತರದ ಕೆಳಗೆ ಮರಾಠಿಯಲ್ಲಿ ಆ ನಾಲ್ಕು ಸಾಲು ಬರೆದೆ. ಉಪಾಯ ಅವರದು, ತಡ ಮಾಡಿದವಳು ನಾನು, ಅವರು ಈಗಿಲ್ಲ ಎಂದೂ ಸೇರಿಸಿದೆ. ಕಳಿಸಿದ ತಕ್ಷಣ ಅದರ ಕೆಳಗೆ ತಾನಾಗಿ ಒಂದು ಸಾಲು ಬಿತ್ತು, ನಾನೇ ಬರೆದಿಟ್ಟಿದ್ದು: ಇದು ಹಳೆಯ ಚರ್ಚೆ, ಕೇಳಿದವರು ಈಗ ಇಲ್ಲಿಲ್ಲ, ದಯವಿಟ್ಟು ಎಬ್ಬಿಸಬೇಡಿ.

ಹತ್ತು ನಿಮಿಷದಲ್ಲಿ ಭೋರ್‌ನಿಂದ ಉತ್ತರ ಬಂತು. "ನಮ್ಮ ಮನೆಯಲ್ಲಿ ನಾಲ್ಕು ಕೌದಿ ಇದ್ದವು," ಎಂದಷ್ಟೇ ಬರೆದಿದ್ದರು.