ಮಂಡಕ್ಕಿ ಎರಚಿ ನೋಡಿದ ಟೀಚರು

ನಮ್ಮ ಟೀಚರ ಎರಡೂ ಕಣ್ಣಿನ ಸುತ್ತ ಬಳೆ ಒತ್ತಿದಂಥ ಗುರುತು. ದಿನವಿಡೀ ಮೈಕ್ರೋಸ್ಕೋಪಿಗೆ ಕಣ್ಣು ಒತ್ತಿ ಕೂತರೆ ಇನ್ನೇನಾಗತೈತೆ? ನ್ಯಾಮತಿ ಕಡೆಯವರು. ಎಂಬತ್ತರ ದಶಕದಲ್ಲಿ ಚನ್ನಗಿರಿಯ ಕಾಲೇಜಿಗೆ ಪಾಠ ಹೇಳಾಕೆ ಬಂದು ನಮ್ಮ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಊಟಕ್ಕೆ ಕರೆದಾಗಲೆಲ್ಲ, "ಇನ್ನೊಂದೇ ಡಿಕ್ಕಿ, ಅಮ್ಮಾ!"

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಆದರೂ ಅವರು ಹೇಳಿದರೆ ತಿಳಿಯುತ್ತಿತ್ತು. ಪರದೇಶದ ದೊಡ್ಡ ಯಂತ್ರದಲ್ಲಿ ಪರಮಾಣುವಿನ ಬೀಜವನ್ನು ಬಿರುಸಿನಿಂದ ಓಡಿಸಿ, ಫೋಟೋ ಪ್ಲೇಟಿನೊಳಗಿನ ಇನ್ನೊಂದು ಬೀಜಕ್ಕೆ ಡಿಕ್ಕಿ ಹೊಡೆಸುತ್ತಾರಂತೆ. ಚಿಮ್ಮಿದ ಚೂರುಗಳ ಗೆರೆ ಪ್ಲೇಟಿನಲ್ಲಿ ಉಳಿಯುತ್ತದೆ. ಚೂರುಗಳು ತಮ್ಮ ಪಾಡಿಗೆ ತಾವು ಹಾರಿದವೋ, ಒಂದನ್ನೊಂದು ನೂಕಿಕೊಂಡು ನೀರಿನಂತೆ ಒಂದು ಕಡೆಗೆ ಹರಿದವೋ, ಅದನ್ನು ಅಳೆಯೋದು ಟೀಚರ ಕೆಲಸ. ಹರಿವು ಸಿಕ್ಕರೇ ಡಾಕ್ಟರೇಟು.

ಒಂದೊಂದು ಡಿಕ್ಕಿಗೂ ಒಂದೊಂದು ತೆಳು ಕಾಗದ. ಚೂರು ಹೋದ ದಿಕ್ಕಿಗೆ ಚುಕ್ಕಿ. ಹಂಗೇ ಪೇರಿಸಿದರೆ ಚುಕ್ಕಿ ಸುತ್ತಲೂ ಸಮ, ಯಾಕಂದರೆ ಒಂದೊಂದು ಡಿಕ್ಕಿ ಒಂದೊಂದು ಕಡೆಗೆ ವಾಲಿರುತ್ತದೆ. ಅದಕ್ಕೇ ಪ್ರತಿ ಕಾಗದವನ್ನೂ ಚುಕ್ಕಿ ಹೆಚ್ಚಿರೋ ಕಡೆ ಮೇಲೆ ಬರುವಂತೆ ತಿರುಗಿಸಿ ಪೇರಿಸಿದರು. ಚುಕ್ಕಿಯೆಲ್ಲ ಒಂದೇ ಕಡೆ ಗುಂಪು! "ಅಮ್ಮಾ, ಸಿಕ್ತು!" ಅಂತ ಕುಣಿದರು. ನಾನು ಬೀದಿಗೆಲ್ಲ ಖಾರ ಮಂಡಕ್ಕಿ ಹಂಚಿದೆ.

ಮರುದಿನ ನೋಡಿದರೆ ಮುಖ ಬಾಡಿತ್ತು. ನನ್ನ ಪುಟ್ಟ ಮೊಮ್ಮಗಳ ಕೈಯಲ್ಲಿ ಮತ್ತೆ ಮತ್ತೆ ಮಂಡಕ್ಕಿ ಎರಚಿಸಿ, ಬಿದ್ದ ಕಡೆ ಚುಕ್ಕಿ ಇಟ್ಟು, ಅದೇ ಥರ ತಿರುಗಿಸಿ ಪೇರಿಸಿದ್ದರು. ಒಂದನ್ನೊಂದು ನೂಕದ ಮಂಡಕ್ಕಿಯೂ ಒಂದೇ ಕಡೆ ವಾಲಿತ್ತು!

"ಹೆಚ್ಚಿರೋ ಕಡೆಗೆ ನಾನೇ ತಿರುಗಿಸಿದರೆ ವಾಲದೇ ಇರತೈತಾ ಅಮ್ಮಾ? ಒಂದು ಚುಕ್ಕಿ ಎತ್ತ ಐತೆ ಅಂತ ಎಣಿಸೋ ಮುಂಚೆ ಅದನ್ನ ಬಿಟ್ಟು, ಉಳಿದವು ಹೆಚ್ಚಿರೋ ಕಡೆಗೆ ಕಾಗದ ತಿರುಗಿಸಬೇಕಿತ್ತು."

"ಯಾರಿಗೆ ಗೊತ್ತಾಗತೈತೆ, ಹಂಗೇ ಕಳಿಸ್ರಿ," ಅಂದರು ನಮ್ಮ ಯಜಮಾನರು.

"ನನಗೆ ಗೊತ್ತಾಗೈತಲ್ಲ, ಅಪ್ಪಾರೇ."

"ಹಂಚಿದ ಮಂಡಕ್ಕಿ ವಾಪಸ್ ಕೇಳಾಕಾಗತೈತೇನ್ರೀ?" ಅಂದೆ ನಾನು. ಟೀಚರು ಅಳೋ ಮುಖದಲ್ಲೇ ನಕ್ಕುಬಿಟ್ಟರು.

ಮತ್ತೆ ಮೊದಲಿಂದ ಕೂತರು, ಮಳೆಗಾಲ ಪೂರಾ. ಈ ಸಲ ಮಂಡಕ್ಕಿ ವಾಲಲಿಲ್ಲ. ಡಿಕ್ಕಿಯ ವಾಲಿಕೆ ಸಣ್ಣದಾಯಿತು, ಆದರೆ ಹೋಗಲಿಲ್ಲ. ಅವರ ಡಾಕ್ಟರೇಟು ಆ ಸಣ್ಣದರ ಮೇಲೇ ನಿಂತಿತು.

ಟೀಚರು ಈಗಿಲ್ಲ. ಅಂದು ಮಂಡಕ್ಕಿ ಎರಚಿದ ಮೊಮ್ಮಗಳು ಇವತ್ತು ಕಂಪ್ಯೂಟರಿನಲ್ಲಿ ಅದೇ ಹರಿವನ್ನು ಅಳೆಯುತ್ತಾಳೆ! ಮೊನ್ನೆ ಫೋನಿನಲ್ಲಿ ಕಿರುಚಿದಳು, "ಅಜ್ಜೀ, ಸಿಕ್ತು!"

ನನ್ನ ಎದೆ ಹಿಗ್ಗಿ ಹೋಯಿತು. ಆದರೂ ಕೇಳಿದೆ, "ಮಂಡಕ್ಕಿ ಹಾಕಿ ನೋಡಿದೇನೇ?"

"ನೋಡ್ದೆ ಅಜ್ಜಿ. ವಾಲಲಿಲ್ಲ."

ಆಮೇಲೇ ನಾನು ಬೀದಿಗೆ ಹಂಚಾಕೆ ಎದ್ದದ್ದು.