ಗುರುಬಸಮ್ಮನವರ ಜೆರಾಕ್ಸ್ ಕಟ್ಟು

ಹೆಡತಲೆ ಊರಿನ ಗುರುಬಸಮ್ಮನವರು ಕಾಗದಪತ್ರಕ್ಕೆ ಹೆದರಿದವರಲ್ಲ. ಗಂಡ ಶಿವಮಲ್ಲಪ್ಪ ತೀರಿಕೊಂಡ ಮೇಲೆ ಜಮೀನಿನ ಖಾತೆ, ಪಿಂಚಣಿ, ಡೇರಿಯ ಸದಸ್ಯತ್ವ ಎಲ್ಲಕ್ಕೂ ನಂಜನಗೂಡಿನ ಕಚೇರಿಗಳಿಗೆ ಒಬ್ಬರೇ ಓಡಾಡಿದವರು. ಅಲ್ಲಿ ಎಲ್ಲರೂ ಕೇಳಿದ್ದು ರುಜು ಹಾಕಿದ ಜೆರಾಕ್ಸ್. ಅಸಲನ್ನು ಹೊರಗೆ ತೆಗೆಯುವುದು ಕಳೆದುಕೊಳ್ಳುವುದಕ್ಕೆ ಎಂದು ಅವರು ತೀರ್ಮಾನಿಸಿದ್ದರು.

ಮಠದವರು ಕಾಶಿಗೆ ವಿಮಾನದ ಯಾತ್ರೆ ಏರ್ಪಡಿಸಿದಾಗ ಅವರು ಕೂಡಲೇ ಹೆಸರು ಬರೆಸಿದರು. ಶಿವಮಲ್ಲಪ್ಪ ಪ್ರತಿ ವರ್ಷವೂ ಕಾಶಿಗೆ ಹೊರಟು, ಹಸುಗಳನ್ನು ನೋಡುವವರಿಲ್ಲವೆಂದು ಉಳಿದವರು. ಅವರ ಪಾಲಿನ ಬಿಲ್ವಪತ್ರೆಯನ್ನು ವಿಶ್ವನಾಥನಿಗೆ ತಾವು ಅರ್ಪಿಸಬೇಕೆಂದು ಗುರುಬಸಮ್ಮನವರ ಆಸೆ. ಹಸುಗಳನ್ನು ಪಕ್ಕದ ಮನೆಯ ಮಹದೇವನಿಗೆ ಒಪ್ಪಿಸಿ, ತಮ್ಮನ ಮಗಳು ಮಧುಶ್ರೀಯ ಜೊತೆ ಹೊರಟರು.

ಬೆಂಗಳೂರಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ಕಾವಲಿನವನು ಗುರುತಿನ ಚೀಟಿ ಕೇಳಿದ. ಗುರುಬಸಮ್ಮನವರು ಜೊತೆಗೆ ತಂದಿದ್ದ ಜೆರಾಕ್ಸ್ ಕಟ್ಟು ಬಿಚ್ಚಿ ಆಧಾರ್‌ನದೊಂದು ಕೊಟ್ಟರು. ಅವನು ಆಗದೆಂದು ತಲೆಯಾಡಿಸಿದ. ರುಜು ಸರಿಯಾಗಿ ಮೂಡಿಲ್ಲವೇನೋ ಎಂದು ಇನ್ನೊಂದು ಕೊಟ್ಟರು. ಆಮೇಲೆ ಬಣ್ಣದ್ದು ಕೊಟ್ಟರು.

"ಒರಿಜಿನಲ್" ಎಂದ ಅವನು.

"ಅತ್ತೆ, ಅಸಲು ಎಲ್ಲಿ?" ಎಂದಳು ಮಧುಶ್ರೀ.

"ದೇವ್ರ ಮನೇಲಿ, ವಿಭೂತಿ ಗಟ್ಟಿ ಕೆಳಗೆ ಮಡಗಿವ್ನಿ. ಅಷ್ಟು ದೂರ ತರಕ್ಕಾದದಾ?"

ಜೊತೆಯವರೆಲ್ಲ ಒಳಗೆ ಚೆಕ್-ಇನ್ ಸಾಲಿನಲ್ಲಿದ್ದರು. ಕೌಂಟರ್ ಮುಚ್ಚುವ ಹೊತ್ತಾಗುತ್ತಿತ್ತು. ಸರ್ಕಾರದ ಡಿಜಿಲಾಕರ್ ಆ್ಯಪ್‌ನಲ್ಲಿ ಆಧಾರ್ ತೋರಿಸಿದರೂ ನಡೆಯುತ್ತದೆಂದು ಮಧುಶ್ರೀ ತನ್ನ ಮೊಬೈಲ್ ತೆಗೆದಳು. ಅದಕ್ಕೆ ಒಟಿಪಿ ಬೇಕು. ಆಧಾರ್ ಮಾಡಿಸುವಾಗ ಗುರುಬಸಮ್ಮನವರ ಹತ್ತಿರ ಫೋನ್ ಇರಲಿಲ್ಲ. ಬರೆಸಿದ್ದು ಮಹದೇವನ ನಂಬರು. ಒಟಿಪಿ ಕೇಳಲು ಗುರುಬಸಮ್ಮನವರೇ ಅವನಿಗೆ ಫೋನ್ ಮಾಡಿದರು.

"ಬಂದದೆ ದೊಡ್ಡವ್ವ. ಆದ್ರೆ ಯಾರ್ಗೂ ಏಳ್ಬ್ಯಾಡಿ ಅಂತ ಬರ್ದವ್ರೆ" ಎಂದ ಮಹದೇವ.

"ಲೇ, ನಾನು ಕಣ್ಲಾ!"

"ನೀವೇ ಅಂತ ಎಂಗೆ ನಂಬದು? ಗೊತ್ತಿರೋರ ದನೀಲೇ ಮಾತಾಡಿ ಮೋಸ ಮಾಡ್ತರೆ ಅಂತ ಡೇರಿಲಿ ಬ್ಯಾಂಕ್‌ನೋರು ಏಳವ್ರೆ. ಒಂದ್ ಮಾತ್ ಕೇಳ್ತೀನಿ. ನಿಮ್ ಕರಿ ಅಸ ಯಾವ ಮೊಲೇಲಿ ಆಲು ಕೊಡಕಿಲ್ಲ?"

"ಇಂದ್ಗಡೆ ಎಡದ್ದು. ಅದ್ಕೆ ಕೈ ಆಕ್ಬ್ಯಾಡ, ಒದೀತದೆ ಅಂತ ಏಳಿರ್ನಿಲ್ವಾ?"

"ಒದೀತು. ಬರ್ಕಳಿ" ಎಂದು ಮಹದೇವ ಅಂಕಿಗಳನ್ನು ಹೇಳಿದ.

ಕಾವಲಿನವನು ಮೊಬೈಲ್ ನೋಡಿ, ಗುರುಬಸಮ್ಮನವರ ಮುಖ ನೋಡಿ, ಒಳಗೆ ಬಿಟ್ಟ. ಕೌಂಟರಿನಲ್ಲೂ ಅದೇ ನಡೆಯಿತು. ಅಲ್ಲಿಂದ ಮುಂದೆ ಅವರು ಮಧುಶ್ರೀಯ ಪಕ್ಕ ಬಿಡಲಿಲ್ಲ. ಆಗಾಗ "ಚಾರ್ಜ್ ಅದಾವ್ವ?" ಎಂದು ಕೇಳಿದರು.

ಕಾಶಿಯಲ್ಲಿ ಗುಡಿಯೊಳಗೆ ಮೊಬೈಲ್ ತರುವಂತಿಲ್ಲ ಎಂದರು. ಗುರುಬಸಮ್ಮನವರು ಮಧುಶ್ರೀಯ ಕೈಯಲ್ಲಿದ್ದ ಮೊಬೈಲನ್ನೊಮ್ಮೆ ನೋಡಿದರು. ಆಮೇಲೆ ಅದನ್ನೂ ಜೆರಾಕ್ಸ್ ಕಟ್ಟನ್ನೂ ಹೊರಗೇ ಇಡಿಸಿ, ಯಾವ ಗುರುತೂ ಇಲ್ಲದೆ ಒಳಗೆ ಹೋಗಿ, ಗಂಡನ ಪಾಲಿನ ಬಿಲ್ವಪತ್ರೆಯನ್ನು ಮೊದಲು ಅರ್ಪಿಸಿದರು.