ಗುಬ್ಬಿಗೆ ಬಂದ ಯುದ್ಧ

ಯುದ್ಧವು ರಾಷ್ಟ್ರಗಳ ಹಣೆಬರಹ ಬರೆಯುತ್ತದೆ ಎಂದು ತಿಳಿದವರು ಹೇಳುತ್ತಾರೆ. ಆ ಬೆಳಿಗ್ಗೆ ನನ್ನ ಹಣೆಬರಹ ಬರೆದದ್ದು ತುಮಕೂರು ಬಸ್ ನಿಲ್ದಾಣದಲ್ಲಿ ಯಾರೋ ಕಿಟಕಿಯಿಂದ ಸೀಟಿಗೆಸೆದ ಕರ್ಚೀಫು. ಇಪ್ಪತ್ತು ಕಿಲೋಮೀಟರು ನಿಂತೇ ಹೋದೆ. ಹಿಂದಿನ ದಿನದ ಮಳೆಗೆ ರಸ್ತೆಯ ಪಕ್ಕ ಕೆಂಪು ನೀರು ನಿಂತಿತ್ತು. ಗುಬ್ಬಿಯಲ್ಲಿಳಿದು ಒಂದು ತಟ್ಟೆ ಇಡ್ಲಿ ತಿಂದು, ಆಟೋದವನಿಗೆ ಅರವತ್ತು ರೂಪಾಯಿ ಕೊಟ್ಟು, ಊರಾಚೆ ಶಿವಣ್ಣನ ಶೆಡ್ಡು ತಲುಪಿದೆ.

ಶಿವಣ್ಣ ನನ್ನ ಜೊತೆ ಓದಿದವನು. ತೆಂಗಿನ ನಾರು ಬಿಡಿಸಿ ಉಳಿದ ಪುಡಿಯನ್ನು ತೊಳೆದು, ಒಣಗಿಸಿ, ಪ್ರೆಸ್ಸಿನಲ್ಲಿ ಇಟ್ಟಿಗೆಯಂತೆ ಒತ್ತಿ ಹಾಲೆಂಡಿನ ಹೂಗಿಡಗಳಿಗೆ ಕಳಿಸುತ್ತಿದ್ದ. ಹನ್ನೆರಡು ಹೆಂಗಸರಿಗೆ ಕೆಲಸ. ಕೆಂಪು ಸಮುದ್ರದಲ್ಲಿ ಕ್ಷಿಪಣಿಗಳು ಹಾರಿದ ಮೇಲೆ ಹಡಗುಗಳು ಆಫ್ರಿಕಾ ಸುತ್ತತೊಡಗಿದವು, ಬಾಡಿಗೆ ಏರಿತು, ಗಿರಾಕಿ ಸದ್ಯಕ್ಕೆ ಬೇಡವೆಂದ. ಆದರೂ ಶಿವಣ್ಣ ಪ್ರೆಸ್ಸು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಹೆಂಗಸರು ಗಾರ್ಮೆಂಟ್ಸಿಗೆ ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಶೆಡ್ಡಿನಲ್ಲಿ ಹಿಡಿಸದ ಮಾಲನ್ನು ಅಂಗಳದಲ್ಲಿ ಪೇರಿಸಿ, ಕೋಟೆ ಕಾಯುವ ಸೇನಾಪತಿಯಂತೆ ಟಾರ್ಪಾಲಿಗೆ ಹಗ್ಗ ಬಿಗಿದಿದ್ದ. ಕೊನೆಗೂ ಕುಣಿಗಲ್ಲಿನ ನರ್ಸರಿಯವನೊಬ್ಬ ಅಷ್ಟನ್ನೂ ಕೊಳ್ಳಲು ಒಪ್ಪಿದ್ದ. ಅದನ್ನು ಮಾರಿದರೆ ಇನ್ನು ಮೂರು ತಿಂಗಳು ಪ್ರೆಸ್ಸು ಓಡುತ್ತಿತ್ತು. ಮಾಲು ಲಾರಿ ಹತ್ತುವುದನ್ನು ನೋಡಲೆಂದೇ ನನ್ನನ್ನು ಕರೆದದ್ದು.

"ಬಾರೋ ಮೇಷ್ಟ್ರೇ, ನೋಡು," ಎಂದ. ಅಂಗಳದತ್ತ ಕೈ ತೋರಿಸಿದ.

ಟಾರ್ಪಾಲು ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು. ಮೇಲಿನಿಂದ ಒಂದು ಹನಿಯೂ ಇಳಿದಿರಲಿಲ್ಲ. ಕೆಳಗೆ ಹಲಗೆ ಹಾಕಿರಲಿಲ್ಲ, ಅಷ್ಟೆ; ನೆಲದಲ್ಲಿ ನಿಂತ ಮಳೆನೀರು ಅಡಿಯಿಂದ ಏರಿತ್ತು. ನೀರು ಕುಡಿದು ಉಬ್ಬುವುದಕ್ಕೆಂದೇ ಮಾಡಿದ ಇಟ್ಟಿಗೆಗಳು ತಮ್ಮ ಕರ್ತವ್ಯವನ್ನು ಹಾಲೆಂಡಿಗೆ ಹೋಗುವ ಮೊದಲೇ ನಿಷ್ಠೆಯಿಂದ ಮುಗಿಸಿದ್ದವು.

ಕುಣಿಗಲ್ಲಿನವನು ಲಾರಿಯಿಂದಿಳಿದು ಒಂದು ಹಿಡಿ ಹಿಂಡಿ ನೋಡಿದ. "ಒಂದ್ ಲಾರಿ ಮಾಲು ಐದ್ ಲಾರಿ ಆಗೋಗೈತಲ್ಲ ಶಿವಣ್ಣೋರೆ. ನೀರು ಹೊತ್ಕೊಂಡೋಗಕ್ಕೆ ಬಾಡ್ಗೆ ಯಾರ್ ಕೊಡ್ತಾರೆ? ಬುಡಿ." ಖಾಲಿ ಲಾರಿ ತಿರುಗಿಸಿಕೊಂಡು ಹೋದ.

ಹೆಂಗಸರಲ್ಲಿ ಹಿರಿಯಳಾದ ರತ್ನಮ್ಮ ಪ್ರೆಸ್ಸಿನ ಪಕ್ಕ ಕೂತು ಎಲೆ ಅಡಿಕೆ ಹಾಕಿಕೊಂಡಳು. "ಅದ್ಯಾರೋ ಎಲ್ಲೋ ಹೊಡ್ದಾಡ್ತವ್ರಲ್ಲ ಅಣ್ಣ, ಅವ್ರಿಗೇನ್ ಬೆಳಿಗ್ಗೆದ್ರೆ ಕೂಲಿಗೋಗೋದ್ ಇಲ್ವಾ?"

"ಅವ್ರಿಗೆ ಅದೇ ಕೂಲಿ ಕಣಮ್ಮ," ಎಂದೆ. ಅವಳು ನಗಲಿಲ್ಲ.

ಶಿವಣ್ಣ ಎದ್ದು ಹೋಗಿ, ಬಿಗಿದ ಗಂಟುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ಹೆಂಗಸರೂ ಸೇರಿದರು. ಮತ್ತೆ ಒಣಗಿಸಿ ಒತ್ತಲು ಕೂಲಿಗೆ ದುಡ್ಡಿರಲಿಲ್ಲ. ಮಧ್ಯಾಹ್ನದವರೆಗೆ ಪುಡಿಯನ್ನು ಪಕ್ಕದ ಹಳ್ಳಕ್ಕೆ ಸುರಿದೆವು. ಮೂರು ಗಂಟೆಯ ಬಸ್ಸಿಗೆ ನಾನು ಹೊರಟೆ, ಸೀಟು ಸಿಕ್ಕಿತು.

ಆ ವಾರವೇ ಪ್ರೆಸ್ಸು ನಿಂತಿತು. ಹನ್ನೊಂದು ಮಂದಿ ಗಾರ್ಮೆಂಟ್ಸಿಗೆ ಸೇರಿದರು. ವಯಸ್ಸಾಯಿತೆಂದು ರತ್ನಮ್ಮನನ್ನು ತೆಗೆದುಕೊಳ್ಳಲಿಲ್ಲ.